‘ನಾ ದಡ್ಡ’ ಅನ್ನೋದು ದಾಂಡೇಲಿಗೆ ಹೋಗಿ ಬಂದರೂ ಹೋಗಲಿಲ್ಲ, ಈಗೇನು ಮಾಡೋದು?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ವಯಸ್ಸು 38. ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡ್ಕೋತೀನಿ. ಹತ್ತನೇತ್ತ ತನಕ ಕನ್ನಡ ಮೀಡಿಯಂ, ಆಮ್ಯಾಲ ಪಿಯುಸಿ ಸೈನ್ಸ್ ತೊಗೊಂಡು ಫೇಲ್ ಆದೆ, ಅಲ್ಲಿಗೆ ಓದು ಬಿಟ್ಟೆ. ತಮ್ಮ ಎಂಜಿನಿಯರ್, ಪುಣೆದಾಗ ಅದಾನ. ಅವತ್ತಿಂದ ‘ನಾ ದಡ್ಡ’ ಅನ್ನೂದು ತಲ್ಯಾಗಿಂದ ಹೋಗವಲ್ದು. ಜಿಎಸ್‌ಟಿ, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಅಂತ ಏನರ ಬಂದ್ರ ಕೈ ನಡಗ್ತಾವ, ಎಲ್ಲಾ ಅಕೌಂಟೆಂಟ್ ಮ್ಯಾಲ ಬಿಟ್ಟೀನಿ. ಅಪ್ಪನೂ ‘ನಿನಗ ತಿಳಿಯಂಗಿಲ್ಲ ಬಿಡು’ ಅಂತಾನ. ಮಗಳು ಏಳನೇತ್ತ, ಗಣಿತ ಕೇಳಿದ್ರ ಅವ್ವನ್ನ ಕೇಳು ಅಂತೀನಿ. ಯೂಟ್ಯೂಬ್ ನೋಡಿ ಕನ್ನಡಿ ಮುಂದ ನಿಂತು ‘ನಾ ಶಾಣ್ಯಾ ಅದೀನಿ’ ಅಂತ ದಿನಾ ಹೇಳ್ಕೊಂಡೆ, ಇನ್ನಷ್ಟು ಹೇಸಿಗಿ ಅನಿಸ್ತು. ದಾಂಡೇಲಿಯೊಳಗ ಎರಡು ದಿನದ ಮೈಂಡ್‌ಫುಲ್‌ನೆಸ್ ಕ್ಯಾಂಪಿಗೆ ಹೋಗಿದ್ದೆ, ಅಲ್ಲಿ ಎಲ್ಲಾ ಹಗುರ ಆಗಿತ್ತು, ಸೋಮವಾರ ಅಂಗಡಿ ಶಟರ್ ಎತ್ತಿದ ಕೂಡ್ಲೆ ಮತ್ತ ಅದ. ಈಗ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕ ಹೋದ್ರ ಪೂರ್ತಿ ಹೋಗ್ತದೇನ್ರಿ?

ಉತ್ತರ: ವಿಪಶ್ಯನ ವಿಷಯಕ್ಕೆ ಕೊನೆಗೆ ಬರ್ತೀನಿ, ಮೊದಲು ಆ ಶಟರ್ ಬಗ್ಗೆ ಮಾತಾಡೋಣ, ಯಾಕಂದ್ರೆ ನಿಮ್ಮ ಇಡೀ ಪತ್ರದಲ್ಲಿ ಮುಖ್ಯವಾದ ಮಾತು ಅದೇ ಅಂತ ನನಗನ್ನಿಸ್ತು.

ದಾಂಡೇಲಿ ಕ್ಯಾಂಪು ಕೆಲಸ ಮಾಡಲಿಲ್ಲ ಅಂತ ನೀವು ಅಂದ್ಕೊಂಡಿದೀರ, ಅದು ಮಾಡಿದೆ. ಆದ್ರೆ ದಾಂಡೇಲಿಯಲ್ಲಿ ಮಾತ್ರ ಮಾಡಿದೆ. ಕಾಳಿ ನದಿ ದಡದಲ್ಲಿ ಯಾರೂ ನಿಮ್ಮ ಹತ್ರ ಜಿಎಸ್‌ಟಿ ಬಿಲ್ಲಿಗೆ ಹಾಕೋ ಎಚ್‌ಎಸ್‌ಎನ್ ಕೋಡ್ ಕೇಳಲಿಲ್ಲ, ಅಕೌಂಟೆಂಟ್ ಫೋನ್ ಬರಲಿಲ್ಲ, ‘ನಿನಗ ತಿಳಿಯಂಗಿಲ್ಲ’ ಅನ್ನೋರೂ ಇರಲಿಲ್ಲ, ಹಂಗಾಗಿ ‘ನಾ ದಡ್ಡ’ ಅನ್ನೋದಕ್ಕೆ ಅಲ್ಲಿ ಏಳೋಕೆ ಕಾರಣವೇ ಇರಲಿಲ್ಲ. ಒಂದು ಜಾಗದಲ್ಲಿ ಕಡಿಮೆಯಾದ ಭಯ ಹಳೇ ಜಾಗಕ್ಕೆ ಕಾಲಿಟ್ಟ ಕೂಡಲೇ ಮತ್ತೆ ಏಳೋದು ಕಲಿಕೆ ಮೇಲೆ ಸಂಶೋಧನೆ ಮಾಡೋರಿಗೆ ಚೆನ್ನಾಗಿ ಗೊತ್ತಿರೋ ಸಂಗತಿ, ಅಮೆರಿಕದ ಮಾರ್ಕ್ ಬೌಟನ್ ಅನ್ನೋ ವಿಜ್ಞಾನಿ ದಶಕಗಳ ಕಾಲ ಇದನ್ನೇ ತೋರಿಸ್ತಾ ಬಂದಿದಾರೆ. ಹಳೇ ಕಲಿಕೆ ಅಳಿಸಿ ಹೋಗಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತೆ, ಆ ಹೊಸ ಕಲಿಕೆ ಮಾತ್ರ ಅದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತೆ. ಅಂದ್ರೆ ನಿಮಗೆ ಬೇಕಾಗಿರೋದು ಇನ್ನೂ ದೂರದ, ಇನ್ನೂ ದಟ್ಟ ಕಾಡಲ್ಲ, ಅಂಗಡಿಗೆ ಹತ್ತಿರ ಇರೋ ಹಸಿರು, ಮತ್ತೆ ಅಲ್ಲಿ ಕಲಿತಿದ್ದನ್ನ ಗಲ್ಲಾಪೆಟ್ಟಿಗೆ ತನಕ ನಡೆಸಿಕೊಂಡು ಬರೋ ಅಭ್ಯಾಸ.

ಕನ್ನಡಿ ಮುಂದೆ ಹೇಸಿಗೆ ಅನಿಸ್ತು ಅಂದ್ರಲ್ಲ, ಅದರಲ್ಲೂ ನಿಮ್ಮ ದೋಷ ಏನಿಲ್ಲ. ಕೆನಡಾದ ವಾಟರ್ಲೂ ಯೂನಿವರ್ಸಿಟಿಯ ಜೋಆನ್ ವುಡ್ ಮತ್ತೆ ಅವರ ಜೊತೆಯವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು, ತಮ್ಮ ಬಗ್ಗೆ ಮೊದಲೇ ಕೀಳು ಅಭಿಪ್ರಾಯ ಇದ್ದೋರಿಗೆ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಅನ್ನೋ ಥರದ ಸಾಲನ್ನ ಮತ್ತೆ ಮತ್ತೆ ಹೇಳ್ಕೊಳ್ಳೋಕೆ ಹೇಳಿದ್ರೆ ಅವರ ಮನಸ್ಸು ಇನ್ನೂ ಕುಗ್ಗಿತು, ಸ್ವಲ್ಪ ಲಾಭ ಆಗಿದ್ದು ಮೊದಲೇ ತಮ್ಮ ಬಗ್ಗೆ ಒಳ್ಳೇ ಅಭಿಪ್ರಾಯ ಇದ್ದೋರಿಗೆ. ನೀವು ‘ನಾ ಶಾಣ್ಯಾ’ ಅಂದ ತಕ್ಷಣ ಒಳಗಿಂದ ‘ಹೌದಾ, ಹಂಗಾದ್ರ ಪಿಯುಸಿ ಯಾಕ ಫೇಲ್ ಆದಿ’ ಅಂತ ಎದುರು ವಾದ ಏಳುತ್ತೆ, ದಿನಾ ಬೆಳಿಗ್ಗೆ ನೀವೇ ಆ ವಾದಕ್ಕೆ ಕರೆ ಕೊಟ್ಟಂಗಾಯ್ತು. ಇನ್ನು ಯೋಚನೆಯನ್ನ ಒತ್ತಿ ಹಿಡಿಯೋದಂತೂ ಇನ್ನೂ ಕಷ್ಟ. ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ಕರಡಿ ಬಗ್ಗೆ ಯೋಚಿಸಬೇಡಿ ಅಂತ ಜನಕ್ಕೆ ಹೇಳಿದ್ರು ಅಷ್ಟೇ, ಅದೇ ಕರಡಿ ಮತ್ತೆ ಮತ್ತೆ ಬಂತು, ಆಮೇಲೆ ಈಗ ಯೋಚಿಸಬಹುದು ಅಂದಾಗ ಇನ್ನೂ ಜಾಸ್ತಿ ಬಂತು. ಹಂಗಾಗಿ ಈ ಎರಡು ದಾರಿಗಳನ್ನ, ಅಂದ್ರೆ ಉಲ್ಟಾ ಹೇಳ್ಕೊಳ್ಳೋದು ಮತ್ತೆ ಅದುಮಿ ಇಡೋದು, ಇವತ್ತಿಗೇ ಬಿಟ್ಟುಬಿಡಿ.

ಈ ‘ದಡ್ಡ’ ಅನ್ನೋ ತೀರ್ಪು ಎಲ್ಲಿಂದ ಬಂತು ಅಂತ ಒಂದು ಸಲ ನೋಡೋಣ. ಆರನ್ ಬೆಕ್ ಅನ್ನೋ ಮನೋವೈದ್ಯರು 1960ರ ದಶಕದಿಂದ ಹೇಳ್ತಾ ಬಂದಿದ್ದು ಇದು, ಚಿಕ್ಕ ವಯಸ್ಸಲ್ಲಿ ಯಾವುದೋ ಸಂದರ್ಭದಲ್ಲಿ ನಮ್ಮ ಬಗ್ಗೆ ನಾವೇ ಒಂದು ಸಾಲಿನ ನಿರ್ಧಾರ ಮಾಡ್ಕೊಂಡುಬಿಡ್ತೀವಿ, ಆಮೇಲೆ ಅದಕ್ಕೆ ಹೊಂದೋದನ್ನ ಮಾತ್ರ ಗಮನಿಸ್ತೀವಿ, ಹೊಂದದೇ ಇರೋದು ಕಣ್ಣಿಗೇ ಬೀಳಲ್ಲ. ನಿಮ್ಮ ಸಂದರ್ಭ ಏನು? ಹತ್ತನೇ ಕ್ಲಾಸ್ ತನಕ ಕನ್ನಡದಲ್ಲಿ ಓದಿದ ಹುಡುಗ, ಎರಡು ತಿಂಗಳ ರಜೆ ಮುಗಿಯೋದ್ರೊಳಗೆ ಫಿಸಿಕ್ಸು ಕೆಮಿಸ್ಟ್ರಿ ಮ್ಯಾಥ್ಸು ಎಲ್ಲಾ ಇಂಗ್ಲಿಷಲ್ಲಿ, ವೇಗೋತ್ಕರ್ಷ ಹೋಗಿ ಆಕ್ಸಲರೇಶನ್ ಬಂತು, ಲೆಕ್ಚರರ್ ಏನಂದ್ರು ಅಂತ ಅರ್ಥ ಮಾಡ್ಕೊಳ್ಳೋದ್ರೊಳಗೆ ಬೋರ್ಡು ಒರೆಸಿ ಆಯ್ತು. ನಮ್ಮ ರಾಜ್ಯದಲ್ಲಿ ಇದೇ ಜಾಗದಲ್ಲಿ ಎಡವಿದ ಮಕ್ಕಳು ನಿಮ್ಮೊಬ್ಬರೇ ಅಲ್ಲ, ಪ್ರತಿ ಊರಲ್ಲೂ ಇದಾರೆ. ಹದಿನೇಳರ ಹುಡುಗ ‘ಭಾಷೆ ಬದಲಾಯ್ತು ಅದಕ್ಕೆ ಫೇಲಾದೆ’ ಅಂತ ವಿಶ್ಲೇಷಣೆ ಮಾಡಲ್ಲ, ‘ನಾ ದಡ್ಡ’ ಅಂತಾನೆ, ಅದೂ ಮನೆಯಲ್ಲೇ ಒಬ್ಬ ಎಂಜಿನಿಯರ್ ತಮ್ಮ ಇದ್ದುಬಿಟ್ರೆ ಮುಗೀತು.

ಈಗ ನಾನು ನಿಮಗೆ, ನೋಡ್ರಿ ಪ್ಲಂಬರ್ ಬಂದು ಅರ್ಧ ಇಂಚು ಎಲ್ಬೋ ಹನ್ನೆರಡು, ಮುಕ್ಕಾಲು ಇಂಚು ಟೀ ಏಳು, ಮೂರು ಲೆಂತ್ ಪೈಪು ಅಂದ್ರೆ ಡಿಸ್ಕೌಂಟ್ ಕಳೆದು ಬಾಯಲ್ಲೇ ಟೋಟಲ್ ಹೇಳೋರು ನೀವು, ದಡ್ಡ ಹೆಂಗಾಗ್ತೀರ ಅಂತ ಕೇಳಬಹುದು. ನೀವೇನಂತೀರ ಅಂತಾನೂ ಗೊತ್ತು, ‘ಅದೇನ್ ದೊಡ್ಡದ್ರಿ, ಅಂಗಡಿ ಲೆಕ್ಕ.’ ಅಲ್ವಾ? ಈ ನಂಬಿಕೆಗಳ ಹತ್ರ ಎಲ್ಲಾ ಸಾಕ್ಷಿಗೂ ಒಂದು ಉತ್ತರ ರೆಡಿ ಇರುತ್ತೆ, ಅದಕ್ಕೇ ಬರೀ ವಾದದಿಂದ ಅದು ಅಲ್ಲಾಡೋದು ಕಮ್ಮಿ. ವಾದ ಗೆಲ್ಲೋದು ಬಿಟ್ಟು, ಆ ಯೋಚನೆ ಬಂದಾಗ ಅದರ ಜೊತೆ ನೀವು ಹೆಂಗೆ ಇರ್ತೀರ ಅನ್ನೋದನ್ನ ಬದಲಾಯಿಸಬೇಕು.

ಮೈಂಡ್‌ಫುಲ್‌ನೆಸ್ ಬೇಕಾಗೋದು ಇಲ್ಲೇ, ಮತ್ತೆ ಅದರ ಬಗ್ಗೆ ಇರೋ ಗೊಂದಲವೂ ಇಲ್ಲೇ. ತುಂಬಾ ಜನ ಅದನ್ನ ತಲೆ ಖಾಲಿ ಮಾಡೋದು, ಶಾಂತಿ ಪಡೆಯೋದು ಅಂದ್ಕೊಂಡಿದಾರೆ, ಕ್ಯಾಂಪ್ ನಡೆಸೋರೂ ಹಂಗೇ ಮಾರ್ತಾರೆ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸ್ಕೂಲಲ್ಲಿ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮ ಶುರು ಮಾಡಿದಾಗ ಬಂದವರಲ್ಲಿ ವಾಸಿಯಾಗದ ನೋವಿನ ರೋಗಿಗಳು ತುಂಬಾ ಜನ ಇದ್ರು, ನೋವು ಹೋಗಿಸ್ತೀನಿ ಅಂತ ಅವರು ಹೇಳಲಿಲ್ಲ, ನೋವಿರುವಾಗಲೇ ಅದನ್ನ ಗಮನಿಸೋದು ಕಲಿಸಿದ್ರು. ಯೋಚನೆಗೂ ಅಷ್ಟೇ. ಸ್ಟೀವನ್ ಹೇಯ್ಸ್ ಅನ್ನೋ ಮನಶ್ಶಾಸ್ತ್ರಜ್ಞರ ಚಿಕಿತ್ಸಾ ಪದ್ಧತಿಯಲ್ಲಿ ಒಂದು ಸಣ್ಣ ಉಪಾಯ ಇದೆ, ನಾನು ದಿನಾ ಬಳಸೋದು ಅದನ್ನೇ. ‘ನಾ ದಡ್ಡ’ ಅಂತ ಬಂದಾಗ, ‘ನಾ ದಡ್ಡ ಅನ್ನೋ ಯೋಚನೆ ಈಗ ಬಂತು’ ಅಂತ ಮನಸ್ಸಲ್ಲೇ ಅನ್ಕೊಳ್ಳಿ. ಅಷ್ಟೇ. ಕೇಳೋಕೆ ಏನೂ ಇಲ್ಲ ಅನ್ಸುತ್ತೆ, ಆದ್ರೆ ಮೊದಲನೇ ಸಾಲಲ್ಲಿ ನೀವು ದಡ್ಡ, ಎರಡನೇ ಸಾಲಲ್ಲಿ ನೀವು ಒಂದು ಯೋಚನೆಯನ್ನ ನೋಡ್ತಿರೋ ಮನುಷ್ಯ. ನೀವು ಅಂಗಡಿಯವರು, ನಿಮಗೆ ಹೇಳಿಕೊಡಬೇಕಾಗಿಲ್ಲ, ದಿನಾ ಬಂದು ರೇಟು ಕೇಳಿ ಚೌಕಾಸಿ ಮಾಡಿ ಏನೂ ತಗೊಳ್ದೆ ಹೋಗೋ ಗಿರಾಕಿ ಒಬ್ಬ ಇದ್ದೇ ಇರ್ತಾನೆ, ಅವನ ಜೊತೆ ಜಗಳಕ್ಕೂ ಹೋಗಲ್ಲ, ಅವನಿಗೋಸ್ಕರ ಅಂಗಡಿನೂ ಮುಚ್ಚಲ್ಲ, ಬಂದ ಅಂತ ನೋಡಿ ನಿಮ್ಮ ಕೆಲಸ ನೀವು ಮಾಡ್ತೀರ.

ಸರಿ, ಇದನ್ನ ಮನೇಲಿ ಕಣ್ಣು ಮುಚ್ಚಿ ಕೂತೇ ಮಾಡಬಹುದಲ್ಲ, ಹೊರಗಿನ ಹಸಿರು, ಕೆರೆ, ಮರ ಯಾಕೆ? ಮಾಡಬಹುದು. ಆದ್ರೆ ಇಂಥ ನಂಬಿಕೆ ಗಟ್ಟಿ ಇರೋರು ಕಣ್ಣು ಮುಚ್ಚಿದ್ರೆ ಒಳಗೆ ಉಳಿಯೋದು ಅದೊಂದೇ, ಹತ್ತು ನಿಮಿಷದಲ್ಲಿ ‘ಧ್ಯಾನನೂ ನನ್ನ ಕೈಲಿ ಆಗ್ತಿಲ್ಲ, ದಡ್ಡ’ ಅಂತ ಇನ್ನೊಂದು ಪುರಾವೆ ಸೇರಿಸಿಕೊಂಡು ಎದ್ದುಬಿಡ್ತಾರೆ. ಹೊರಗಡೆ ಗಮನಕ್ಕೆ ಕೂರೋಕೆ ಜಾಗ ಇರುತ್ತೆ. ಮಿಶಿಗನ್‌ನ ರೇಚಲ್ ಮತ್ತೆ ಸ್ಟೀಫನ್ ಕ್ಯಾಪ್ಲನ್ ದಂಪತಿ ಹೇಳಿದ್ದು ಇದನ್ನೇ, ಎಲೆ ಅಲ್ಲಾಡೋದು, ನೀರಿನ ಮೇಲೆ ಬೆಳಕು, ಮೋಡ, ಇವು ಗಮನವನ್ನ ಮೆತ್ತಗೆ ಹಿಡೀತವೆ, ಮೊಬೈಲ್ ಥರ ಕಿತ್ಕೊಳ್ಳಲ್ಲ, ಹಂಗಾಗಿ ದಣಿದ ಗಮನಶಕ್ತಿಗೆ ಸ್ವಲ್ಪ ವಿಶ್ರಾಂತಿ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ ತಂಡ 38 ಜನರನ್ನ ಎರಡು ಗುಂಪು ಮಾಡಿ 90 ನಿಮಿಷ ನಡೆಸಿದ್ರು, ಒಂದು ಗುಂಪು ಹುಲ್ಲುಗಾವಲು ಮರಗಳ ಮಧ್ಯೆ, ಇನ್ನೊಂದು ಟ್ರಾಫಿಕ್ ಇರೋ ದೊಡ್ಡ ರಸ್ತೆಯಲ್ಲಿ. ಹಸಿರಲ್ಲಿ ನಡೆದವರಲ್ಲಿ ತಮ್ಮ ಬಗ್ಗೆಯೇ ಕೆಟ್ಟದಾಗಿ ಮತ್ತೆ ಮತ್ತೆ ಮೆಲುಕು ಹಾಕೋದು ಕಡಿಮೆ ಆಯ್ತು, ಅದಕ್ಕೆ ಸಂಬಂಧ ಇರೋ ಮೆದುಳಿನ ಒಂದು ಭಾಗದ ಚಟುವಟಿಕೆನೂ ಇಳೀತು. ರಸ್ತೆಯಲ್ಲಿ ನಡೆದವರಲ್ಲಿ ಇಳೀಲಿಲ್ಲ. ಇದು ಚಿಕ್ಕ ಅಧ್ಯಯನ, ಒಂದೇ ಸಲದ ನಡಿಗೆ, ಇದನ್ನ ಹಿಡ್ಕೊಂಡು ಕಾಡು ಖಿನ್ನತೆ ವಾಸಿ ಮಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನ ವಾರಕ್ಕೆ ಒಟ್ಟು 120 ನಿಮಿಷ ಹಸಿರಲ್ಲಿ ಕಳೆಯೋರು ಆರೋಗ್ಯ, ನೆಮ್ಮದಿ ಎರಡೂ ಚೆನ್ನಾಗಿದೆ ಅಂತ ಹೇಳ್ಕೊಳ್ಳೋದು ಜಾಸ್ತಿ ಅಂತ ತೋರಿಸ್ತು, ಅದರಿಂದಲೇ ಇದಾಯ್ತು ಅಂತ ಅದೂ ಸಾಬೀತು ಮಾಡಲ್ಲ, ಆದ್ರೆ ನಿಮಗೆ ಉಪಯೋಗಕ್ಕೆ ಬರೋ ಒಂದು ಮಾತು ಅದರಲ್ಲಿದೆ, ಆ ಎರಡು ಗಂಟೆ ಒಂದೇ ಸಲ ಆಗಲಿ ತುಂಡು ತುಂಡಾಗಿ ಆಗಲಿ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕಾಯ್ತಲ್ಲ.

ನಿಮಗೆ ಉಣಕಲ್ ಕೆರೆ ಇದೆ, ನೃಪತುಂಗ ಬೆಟ್ಟ ಇದೆ, ಯಾವುದು ಅಂಗಡಿ ದಾರಿಗೆ ಹತ್ತಿರವೋ ಅದು. ಎರಡೂ ದೂರ ಅಂದ್ರೆ ಅಂಗಡಿ ಹಿಂದೆ ಒಂದು ಬೇವಿನ ಮರ ಇದ್ರೂ ಆಯ್ತು. ಅಂಗಡಿ ತೆಗೆಯೋಕೆ ಮುಂಚೆ, ಇಯರ್‌ಫೋನ್ ಮನೇಲಿ ಬಿಟ್ಟು, ಆ್ಯಪ್ ಬೇಡ. ವಾಕಿಂಗ್ ಗೆಳೆಯರ ಗುಂಪಿದ್ರೆ ಈ ಇಪ್ಪತ್ತು ನಿಮಿಷ ಅವರಿಂದ ತಪ್ಪಿಸಿಕೊಳ್ಳಿ (ಹುಬ್ಬಳ್ಳಿಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ ಇರಬಹುದು). ಮೊದಲು ಸ್ವಲ್ಪ ನಿಧಾನಕ್ಕೆ ನಡೀರಿ, ಅಂಗಾಲು ನೆಲ ಮುಟ್ಟೋದು, ಏಳೋದು ಗೊತ್ತಾಗೋ ಅಷ್ಟು ನಿಧಾನ. ಆಮೇಲೆ ನಿಂತು ಕೇಳಿ, ಹತ್ತಿರದ ಸದ್ದು ಯಾವುದು, ಅದರಾಚೆ ಯಾವುದು, ತೀರಾ ದೂರದ್ದು ಯಾವುದು, ಬಿಆರ್‌ಟಿಎಸ್ ಬಸ್ಸಿನ ಸದ್ದೂ ಬರಲಿ ಪರವಾಗಿಲ್ಲ, ಕುಟ್ರು ಹಕ್ಕಿಯ ಸದ್ದು ಮಾತ್ರ ಒಳ್ಳೇದು ಅಂತ ಏನಿಲ್ಲ. ಆಮೇಲೆ ಒಂದೇ ಒಂದು ವಸ್ತುವನ್ನ ನೋಡ್ತಾ ಕೂರಿ. ನೀರಿನ ಅಂಚಲ್ಲಿ ನಿಂತ ಬೆಳ್ಳಕ್ಕಿ ಇರಬಹುದು, ರೆಕ್ಕೆ ಹರಡಿ ಬಿಸಿಲಿಗೆ ಕೂತ ನೀರುಕಾಗೆ ಇರಬಹುದು, ಹೊಂಗೆ ಮರದ ಒಂದು ಎಲೆ ಇರಬಹುದು. ಹೊಂಗೆ ಎಲೆ ಹತ್ತಿರದಿಂದ ನೋಡಿದೀರ? ಹುಳ ಕೊರೆದ ಬಿಳಿ ಗೆರೆ, ಸಣ್ಣ ಸಣ್ಣ ಗಂಟು, ಯಾವ ಗುರುತೂ ಇಲ್ಲದ ಎಲೆ ಹುಡುಕೋದೇ ಕಷ್ಟ. ನೋಡ್ತಾ ಇರುವಾಗ ಮಧ್ಯೆ ‘ನಿನ್ನೆ ಅಕೌಂಟೆಂಟ್ ಹಂಗಂದ, ನನಗೆ ತಿಳೀಲೇ ಇಲ್ಲ’ ಅಂತ ಶುರುವಾಗುತ್ತೆ, ಆಗಲೇಬೇಕು. ‘ಆ ಯೋಚನೆ ಬಂತು’ ಅಂತ ಅನ್ಕೊಂಡು ಮತ್ತೆ ಎಲೆಗೆ ಬನ್ನಿ. ಐವತ್ತು ಸಲ ಹೋಗಿ ಐವತ್ತು ಸಲ ವಾಪಸ್ ಬಂದ್ರೆ ಅವತ್ತಿನ ಅಭ್ಯಾಸ ಚೆನ್ನಾಗಾಯ್ತು ಅಂತ ಅರ್ಥ, ಯಾಕಂದ್ರೆ ಕಲೀಬೇಕಾಗಿರೋದೇ ಆ ವಾಪಸ್ ಬರೋದು.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ, ದಯವಿಟ್ಟು ಮರದಿಂದ ಪಾಠ ಕಲಿಯೋಕೆ ಹೋಗಬೇಡಿ. ಮರ ಬಾಗಿದ್ರೂ ಬೆಳೀತು ಹಂಗೇ ನಾನೂ ಅನ್ನೋ ಥರದ ವಾಟ್ಸಾಪ್ ಗುಡ್ ಮಾರ್ನಿಂಗ್ ಸಂದೇಶಗಳು ನಮಗೆ ಬೇಕಾದಷ್ಟು ಬರ್ತವೆ. ಪಾಠ ಹುಡುಕೋಕೆ ಶುರು ಮಾಡಿದ ತಕ್ಷಣ ಎಲೆ ಹೋಗಿ ಮತ್ತೆ ‘ನಾನು’ ಬರ್ತೀನಿ, ನಾನು ಹೆಂಗೆ, ನಾನು ಯಾವ ಮಟ್ಟ. ಆ ಬೆಳ್ಳಕ್ಕಿಗೆ ನಿಮ್ಮ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ, ನಿಮ್ಮ ಮಾರ್ಕ್ಸ್ ಕಾರ್ಡ್ ಅದಕ್ಕೆ ಬೇಕಾಗಿಲ್ಲ, ದಿನದಲ್ಲಿ ಇಪ್ಪತ್ತು ನಿಮಿಷ ಯಾರೂ ನಿಮ್ಮನ್ನ ಅಳೀದೇ ಇರೋ ಕಡೆ ಇದ್ದು ಬರೋದೇ ದೊಡ್ಡ ವಿಷಯ.

ಇನ್ನೊಂದು ತಮಾಷೆ ಅಭ್ಯಾಸ ಇದೆ, ನೃಪತುಂಗ ಬೆಟ್ಟದ ಮೇಲೆ ಯಾರೂ ಇಲ್ಲದ ಮೂಲೆ ನೋಡಿ ಮಾಡಿ. ‘ದಡ್ಡ’ ಅನ್ನೋದನ್ನ ಬಾಯಿಬಿಟ್ಟು ಜೋರಾಗಿ, ವೇಗವಾಗಿ ಅರ್ಧ ನಿಮಿಷ ಹೇಳ್ತಾನೇ ಇರಿ. ದಡ್ಡದಡ್ಡದಡ್ಡದಡ್ಡ. ಸ್ವಲ್ಪ ಹೊತ್ತಿಗೆ ಡೋಲು ಬಾರಿಸಿದಂಗೆ ಬರೀ ಸದ್ದಾಗುತ್ತೆ, ನಗುನೂ ಬರಬಹುದು. ಎಡ್ವರ್ಡ್ ಟಿಚನರ್ ಅನ್ನೋರು ಇಪ್ಪತ್ತನೇ ಶತಮಾನದ ಶುರುವಲ್ಲೇ ಗಮನಿಸಿದ್ದ ಸಂಗತಿ ಇದು, ಹೇಯ್ಸ್ ಅವರು ಅದನ್ನ ಚಿಕಿತ್ಸೆಗೆ ತಂದ್ರು. ಇಪ್ಪತ್ತು ವರ್ಷ ನಿಮ್ಮನ್ನ ಹೆದರಿಸಿದ್ದು ಎರಡು ಅಕ್ಷರ ಅಂತ ಕಿವಿಗೇ ಗೊತ್ತಾಗುತ್ತೆ. ಎಲ್ಲರಿಗೂ ಇದು ಹಿಡಿಸಲ್ಲ, ಸಿಟ್ಟು ಬಂದ್ರೆ ಅಥವಾ ಅಳು ಬಂದ್ರೆ ಅಲ್ಲಿಗೆ ಬಿಟ್ಟುಬಿಡಿ.

ಈಗ ಅಂಗಡಿ. ಇದು ಮಾಡದೇ ಇದ್ರೆ ಮೇಲಿನ ಎಲ್ಲಾ ದಾಂಡೇಲಿ ಕಥೆನೇ ಆಗುತ್ತೆ. ಎರಡು ಮೂರು ವಾರ ಕೆರೆ ಹತ್ರ ಅಭ್ಯಾಸ ಆದಮೇಲೆ, ಶಟರ್ ಎತ್ತೋ ಮುಂಚೆ ಒಂದು ನಿಮಿಷ ಅಲ್ಲೇ ನಿಲ್ಲಿ, ಅಂಗಾಲು, ಒಂದು ಸದ್ದು, ಕಣ್ಣಿಗೆ ಕಾಣೋ ಒಂದು ವಸ್ತು, ಕೆರೆ ಹತ್ರ ಮಾಡಿದ್ದೇ. ಲ್ಯಾಪ್‌ಟಾಪ್ ತೆಗೆಯೋ ಮುಂಚೆ ಇನ್ನೊಂದು ಸಲ. ಕೈ ನಡುಗಿದ್ರೆ ನಡುಗಲಿ, ನಡುಗೋ ಕೈಯಿಂದಲೇ ಟೈಪ್ ಮಾಡಬಹುದು, ನಡುಕ ನಿಂತ ಮೇಲೆ ಶುರು ಮಾಡ್ತೀನಿ ಅಂದ್ರೆ ಶುರುವಾಗಲ್ಲ. ನೀವು ತಿಂಗಳಿಗೊಮ್ಮೆ ರಿಟರ್ನ್ ಹಾಕೋರಾಗಿದ್ರೆ 11ನೇ ತಾರೀಖು ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ನೇ ತಾರೀಖು ತೆರಿಗೆ ಕಟ್ಟೋ 3ಬಿ, ಆ ದಿನಗಳ ಹಿಂದುಮುಂದೆ ಭಯ ಜಾಸ್ತಿ ಇರುತ್ತೆ, ಕಲಿಯೋಕೆ ಆ ದಿನಗಳು ಬೇಡ, 22ರ ನಂತರದ ಒಂದು ಖಾಲಿ ಮಧ್ಯಾಹ್ನ ಆರಿಸಿಕೊಳ್ಳಿ. ಅಕೌಂಟೆಂಟ್‌ಗೆ ‘ಒಂದು ದಿನದ ಖರೀದಿ ಬಿಲ್ಲು ನಾ ಟ್ಯಾಲಿಗೆ ಹಾಕ್ತೀನಿ, ಪಕ್ಕದಲ್ಲಿ ಕೂತು ನೋಡ್ರಿ’ ಅನ್ನಿ. ಹಾಕೋ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ತಲೆ ಏನು ಭವಿಷ್ಯ ಹೇಳ್ತಿದೆ ಬರೀರಿ, ‘ಹತ್ತು ಬಿಲ್ಲಲ್ಲಿ ಎಂಟು ತಪ್ಪು ಮಾಡ್ತೀನಿ, ಅವ ನಗ್ತಾನ’ ಅಂತ ಇದ್ರೆ ಹಂಗೇ ಬರೀರಿ. ಆಮೇಲೆ ನಿಜಕ್ಕೆ ಎಷ್ಟಾಯ್ತು ಅಂತ ಅದರ ಪಕ್ಕದಲ್ಲಿ ಬರೀರಿ. ಮೂರು ತಪ್ಪಾದ್ರೆ ಮೂರು, ಸುಳ್ಳು ಬರೀಬೇಡಿ. ಇದು ಬೆಕ್ ಅವರ ದಾರಿ, ಕನ್ನಡಿ ಮುಂದಿನ ಮಾತಿಗಿಂತ ಇಂಥ ನಾಲ್ಕು ಚೀಟಿಗಳಿಗೆ ಜಾಸ್ತಿ ಬೆಲೆ, ಯಾಕಂದ್ರೆ ಇದಕ್ಕೆ ಎದುರು ವಾದ ಮಾಡೋಕೆ ಒಳಗಿನವನಿಗೆ ಕಷ್ಟ. ಮತ್ತೆ ಒಂದು ಸತ್ಯ ಒಪ್ಕೊಳ್ಳಬೇಕು, ನಿಮಗೆ ಟ್ಯಾಲಿ ಬರಲ್ಲ ಅನ್ನೋದು ನಿಜ, ಯಾರೂ ಕಲಿಸಿಲ್ಲ ನೀವೂ ಕಲಿತಿಲ್ಲ, ಅದು ಧ್ಯಾನ ಮಾಡಿದ್ರೆ ಬರಲ್ಲ, ಕೂತು ಕಲೀಬೇಕು.

ಅಪ್ಪಾವ್ರ ಮಾತಿನ ಬಗ್ಗೆ. ಮೈಂಡ್‌ಫುಲ್‌ನೆಸ್ ಅಂದ್ರೆ ಎಲ್ಲಾ ನುಂಗ್ಕೊಂಡು ಇರೋದು ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಆ ವಯಸ್ಸಿನವರು ಬದಲಾಗ್ತಾರೆ ಅಂತ ಕಾಯೋದೂ ಬೇಡ, ಆದ್ರೆ ಗಿರಾಕಿ ಮುಂದೆ ಹಂಗೆ ಅಂದ್ರೆ ಆಮೇಲೆ ಒಬ್ಬರೇ ಇದ್ದಾಗ ‘ಅಪ್ಪಾ, ಮಂದಿ ಮುಂದ ಹಂಗ ಅನಬ್ಯಾಡ’ ಅಂತ ಒಂದು ಸಲ ಹೇಳಬಹುದು, ಸಿಟ್ಟಿಲ್ಲದೆ. ಮಗಳ ವಿಷಯ ಮಾತ್ರ ಕಾಯಬೇಡಿ, ಇವತ್ತು ರಾತ್ರಿನೇ ಶುರು ಮಾಡಿ. ಗಣಿತ ತಗೊಂಡು ಬಂದ್ರೆ ‘ನನಗೂ ಇದು ಮರ್ತೇ ಹೋಗ್ಯದ, ಪುಸ್ತಕದಾಗ ಹೆಂಗ ಕೊಟ್ಟಾರ ನೋಡೂಣು ಬಾ’ ಅನ್ನಿ. ಏಳನೇ ಕ್ಲಾಸಿನ ಲಾಭ ನಷ್ಟ, ಶೇಕಡಾ ಲೆಕ್ಕ ನೀವು ದಿನಾ ಗಲ್ಲಾದಲ್ಲಿ ಮಾಡೋದೇ, ಬರೆಯೋ ರೀತಿ ಬೇರೆ ಅಷ್ಟೇ. ಗೊತ್ತಿಲ್ಲದ್ದನ್ನ ಅಪ್ಪ ನಾಚಿಕೆ ಇಲ್ಲದೆ ಹುಡುಕ್ತಾನೆ ಅಂತ ಆ ಮಗು ನೋಡಲಿ.

ಸ್ವಲ್ಪ ಎಚ್ಚರಿಕೆಯ ಮಾತು. ಸುಮ್ಮನೆ ಕೂತಾಗ ಎದೆ ಬಡಿತ ಜಾಸ್ತಿಯಾಗಿ ಗಾಬರಿ ಆದ್ರೆ ಕಣ್ಣು ಮುಚ್ಚಬೇಡಿ, ನಡೀತಾನೇ ಮಾಡಿ, ಕೆಲವರಿಗೆ ಧ್ಯಾನದಿಂದ ಹಳೇ ನೋವು ಎದ್ದು ಬರೋದು ನಿಜ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟಿದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದ್ರೆ ಇದು ಬರೀ ನಂಬಿಕೆಯ ವಿಷಯ ಅಲ್ಲ, ಖಿನ್ನತೆ ಇರಬಹುದು, ಪಕ್ಕದ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹೋಗಿ ತೋರಿಸಿ. ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ ವಾರ ದಿನ ಅಂತ ಲೆಕ್ಕ ಹಾಕದೆ ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ವಿಪಶ್ಯನ. ಆ ಶಿಬಿರಗಳ ಬಗ್ಗೆ ನನಗೆ ಗೌರವ ಇದೆ, ಶುಲ್ಕ ತಗೊಳ್ಳಲ್ಲ, ದಾನದ ಮೇಲೆ ನಡೀತವೆ. ಆದ್ರೆ ಹತ್ತು ದಿನ ಹೆಚ್ಚುಕಮ್ಮಿ ಪೂರ್ತಿ ಮೌನ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರೋದು, ಮೊಬೈಲಿಲ್ಲ, ಪುಸ್ತಕವಿಲ್ಲ. ಹತ್ತು ನಿಮಿಷ ಕೂತ್ರೆ ‘ದಡ್ಡ’ ಅನ್ನೋ ದನಿ ಜೋರಾಗೋ ಹೊತ್ತಲ್ಲಿ ಅಲ್ಲಿಗೆ ಹೋಗೋದು ಬೇಡ ಅಂತ ನನ್ನ ಅಭಿಪ್ರಾಯ. ‘ಪೂರ್ತಿ ಹೋಗ್ತದೇನು’ ಅಂತ ಕೇಳಿದ್ರಿ, ಪೂರ್ತಿ ಹೋಗಲ್ಲ, ಅಲ್ಲಿಗೆ ಹೋದ್ರೂ ಹೋಗಲ್ಲ, ಇಲ್ಲಿದ್ರೂ ಹೋಗಲ್ಲ. ಬರೋದು ಅಪರೂಪ ಆಗುತ್ತೆ, ಬಂದ್ರೂ ನಿಮ್ಮ ಕೆಲಸ ನಿಲ್ಲಲ್ಲ, ಅಷ್ಟು ಆಗೋದನ್ನ ನಾನು ತುಂಬಾ ಜನರಲ್ಲಿ ನೋಡಿದೀನಿ. ಆರು ತಿಂಗಳು ಕೆರೆ, ಶಟರ್, ಚೀಟಿ ಇದಿಷ್ಟು ಮಾಡಿ ನೋಡಿ, ಆಮೇಲೂ ಶಿಬಿರಕ್ಕೆ ಹೋಗಬೇಕು ಅನಿಸಿದ್ರೆ ಹೋಗಿ ಬನ್ನಿ, ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳಿರ್ತಾರೆ, ಅಲ್ಲಿ ಏನನ್ನೂ ಮುಚ್ಚಿಡಬೇಡಿ, ಮತ್ತೆ 20ನೇ ತಾರೀಖು ಮಧ್ಯದಲ್ಲಿ ಬರದಂಗೆ ದಿನ ನೋಡ್ಕೊಳ್ಳಿ, ಅಷ್ಟೊತ್ತಿಗೆ 3ಬಿ ನೀವೇ ಹಾಕ್ತಿರಬಹುದು.